ಸ್ಕೇಲ್ ಇಟ್ಟು ಅಳೆದ ಕನಸು: ಮಂಗಳೂರಿನಲ್ಲಿ ಒಂದು ಸೈಕೆಡೆಲಿಕ್ ರಾಕ್ ಆಲ್ಬಂ ತಯಾರಾಗುವ ಬಗೆ

ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ಮನಿ’ ಹಾಡು ಶುರುವಾಗುವುದೇ ಚಿಲ್ಲರೆ ಕಾಸಿನ ಸದ್ದಿನಿಂದ. ನಾಣ್ಯ ಉರುಳುತ್ತದೆ, ಕಾಗದ ಹರಿಯುತ್ತದೆ, ಗಲ್ಲಾಪೆಟ್ಟಿಗೆ ಖಣಿಲೆಂದು ತೆರೆದುಕೊಳ್ಳುತ್ತದೆ. ಯಾವುದೋ ಅಂಗಡಿಯಲ್ಲಿ ಯಾರೋ ಮೈಕ್ ಮರೆತು ಹೋಗಿದ್ದರೇನೋ ಅನ್ನಿಸುವಷ್ಟು ಸಲೀಸು. ಆದರೆ 1973ರಲ್ಲಿ ಬಂದ ಆ ಹಾಡಿಗಾಗಿ ಒಂದೊಂದು ಸದ್ದನ್ನೂ ಪ್ರತ್ಯೇಕವಾಗಿ ಟೇಪಿನಲ್ಲಿ ಹಿಡಿದು, ಆ ಟೇಪನ್ನು ಸ್ಕೇಲ್ ಇಟ್ಟು ಅಳೆದು, ಸಮನಾದ ಏಳು ತುಂಡು ಕತ್ತರಿಸಿ, ಒಂದಕ್ಕೊಂದು ಅಂಟಿಸಿ, ತುದಿಗೆ ತುದಿ ಸೇರಿಸಿ ಯಂತ್ರದಲ್ಲಿ ಸುತ್ತು ಓಡಿಸಿದ್ದರು. ಏಳು ತುಂಡು, ಏಳು ಎಣಿಕೆಯ ತಾಳ. ಒಂದು ತುಂಡು ಬೆರಳಗಲ ಹೆಚ್ಚು ಕಡಿಮೆಯಾಗಿದ್ದರೂ ಹಾಡು ಕುಂಟುತ್ತಿತ್ತು.

ಕೇಳುಗರನ್ನು ಕನಸಿನಲ್ಲಿದ್ದಂತೆ ತೇಲಿಸುವ ಇಂಥ ಸೈಕೆಡೆಲಿಕ್ ರಾಕ್ ಎಂದಕೂಡಲೇ ನಮ್ಮಲ್ಲಿ ಹಿರಿಯರ ಹುಬ್ಬು ಮೇಲೇರುತ್ತದೆ. ಅವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ. 1960ರ ದಶಕದ ನಡುವಿನಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಸಂಗೀತ ಹುಟ್ಟಿದಾಗ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕವಸ್ತು ಅದರ ಪಕ್ಕದಲ್ಲೇ ಕುಳಿತಿತ್ತು. ಪಿಂಕ್ ಫ್ಲಾಯ್ಡ್‌ನ ಮೊದಲ ನಾಯಕ ಸಿಡ್ ಬ್ಯಾರೆಟ್ 1968ರ ಹೊತ್ತಿಗೆ ತಂಡದಲ್ಲಿ ಉಳಿಯುವ ಸ್ಥಿತಿಯಲ್ಲೇ ಇರಲಿಲ್ಲ. ಆದರೆ ನಶೆಯಲ್ಲಿದ್ದವರಿಂದ ಟೇಪನ್ನು ಅಷ್ಟು ನೇರವಾಗಿ ಕತ್ತರಿಸಲಾಗದು. ಕೇಳುವವರಿಗೆ ತೇಲಿದಂತಾಗಬೇಕಾದರೆ ಮಾಡುವವರು ಲೆಕ್ಕದ ಪುಸ್ತಕ ಬಿಚ್ಚಿ ಕೂರಬೇಕು. ಬೆಂದೂರು, ಬಿಜೈ, ಕದ್ರಿ ಕಡೆಯ ಹಳೆಯ ಮನೆಗಳಲ್ಲಿ ಹುಡುಗರು ಇಂಥ ಸಂಗೀತ ನುಡಿಸುವುದನ್ನು, ಧ್ವನಿಮುದ್ರಿಸುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕೇಬಲ್ ಸುತ್ತುವುದರಿಂದ ಹಿಡಿದು ಮಿಕ್ಸಿಂಗ್‌ವರೆಗೆ ಕೈಯನ್ನೂ ಹಾಕಿದ್ದೇನೆ. ಆ ಅನುಭವದ ಬಲದಿಂದ ಇಡೀ ಕೆಲಸವನ್ನು ಬಿಡಿಸಿ ಹೇಳುವ ಪ್ರಯತ್ನವಿದು.

ಮೊದಲು ಸಂಗೀತದ ಮಾತು. ಸಾಮಾನ್ಯ ರಾಕ್ ಹಾಡಿನಲ್ಲಿ ಸ್ವರಮೇಳಗಳು, ಅಂದರೆ ಗಿಟಾರಿನ ಕಾರ್ಡ್‌ಗಳು, ಸಾಲು ಸಾಲಿಗೆ ಬದಲಾಗುತ್ತವೆ. ಸೈಕೆಡೆಲಿಕ್ ರಾಕ್ ಅದನ್ನು ಬಿಟ್ಟುಕೊಟ್ಟು ಒಂದೇ ಆಧಾರಸ್ವರದ ಮೇಲೆ ನಿಂತುಬಿಡುತ್ತದೆ. ಬೀಟಲ್ಸ್‌ನವರು 1966ರ ಏಪ್ರಿಲ್ 6ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಕೈಗೆತ್ತಿಕೊಂಡ ‘ಟುಮಾರೊ ನೆವರ್ ನೋಸ್’ ಬಹುಮಟ್ಟಿಗೆ ಒಂದೇ ಕಾರ್ಡ್‌ನಲ್ಲಿ ಸಾಗುತ್ತದೆ, ಹಿಂದೆ ತಂಬೂರಿ ಮೊರೆಯುತ್ತದೆ. ಅದೇ ಹಾಡಿಗಾಗಿ ತುದಿಗೆ ತುದಿ ಅಂಟಿಸಿದ ಐದು ಟೇಪ್ ಸುತ್ತುಗಳನ್ನು (ಲೂಪ್) ಕಟ್ಟಡದ ಬೇರೆ ಬೇರೆ ಯಂತ್ರಗಳಲ್ಲಿ ಏಕಕಾಲಕ್ಕೆ ಓಡಿಸಿ, ಟೇಪ್ ಸಡಿಲವಾಗದಂತೆ ಸಿಬ್ಬಂದಿ ಪೆನ್ಸಿಲ್ ತೂರಿಸಿ ಹಿಡಿದು ನಿಂತಿದ್ದರು. ಜಾನ್ ಲೆನನ್ನನ ದನಿಯನ್ನು ಆರ್ಗನ್ ವಾದ್ಯಕ್ಕಾಗಿ ಮಾಡಿದ್ದ, ಒಳಗೆ ತಿರುಗುವ ಕೊಂಬಿದ್ದ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದವನು ಆಗಿನ್ನೂ ಇಪ್ಪತ್ತರ ಹರೆಯದ ಎಂಜಿನಿಯರ್ ಜೆಫ್ ಎಮೆರಿಕ್.

ಕರಾವಳಿಯ ಕಿವಿಗೆ ಈ ಒಂದೇ ಶ್ರುತಿಯ ಸಂಗತಿ ಹೊಸದೇನಲ್ಲ. ಯಕ್ಷಗಾನದಲ್ಲಿ ಶ್ರುತಿಯ ಮೇಲೆ ಭಾಗವತರ ಏರುದನಿ, ಅದರ ಬೆನ್ನಿಗೆ ಮದ್ದಳೆ, ಯುದ್ಧದ ಸನ್ನಿವೇಶ ಬಂದಾಗ ಚೆಂಡೆಯ ಅಬ್ಬರ ಕೇಳುತ್ತ ಬೆಳೆದವರಿಗೆ ಹತ್ತು ನಿಮಿಷ ಕಾರ್ಡ್ ಬದಲಾಗದ ಹಾಡು ಬೇಸರ ತರಿಸಲಾರದು. ಇಗರ್ಜಿಯ ಗಾಯನವೃಂದದಲ್ಲಿ ಕಲಿತ ಗಿಟಾರ್, ಮನೆಯ ಅಂಗಳದಲ್ಲಿ ಕೇಳಿದ ಚೆಂಡೆ, ಇವೆರಡೂ ಒಂದೇ ಬೀದಿಯಲ್ಲಿ ಸಿಗುವ ಊರು ನಮ್ಮದು. ಇಲ್ಲಿ ಇಂಥ ತಂಡಗಳು ಇನ್ನೂ ಹೆಚ್ಚು ಏಕಿಲ್ಲ ಎಂಬುದೇ ನನಗೆ ಸೋಜಿಗ.

ಧ್ವನಿಮುದ್ರಣ ಎಲ್ಲಿ, ಯಾವಾಗ ಎಂಬುದು ಮುಂದಿನ ಪ್ರಶ್ನೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೆಂಚಿನ ಮಾಡಿನ ಕೆಳಗೆ ಮೈಕ್ ಇಟ್ಟರೆ ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಮಳೆಯದ್ದೇ ಆಲ್ಬಂ ಆಗುತ್ತದೆ. ತೇವಕ್ಕೆ ಗಿಟಾರಿನ ಮರ ಉಬ್ಬಿ ಶ್ರುತಿ ತಪ್ಪುತ್ತದೆ, ಚೆಂಡೆಯ ಚರ್ಮ ಸಡಿಲವಾಗುತ್ತದೆ, ಪೆಟ್ಟಿಗೆಯಲ್ಲಿಟ್ಟ ಮೈಕಿಗೆ ಬೂಷ್ಟು ಹಿಡಿಯುತ್ತದೆ. ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಆದರೆ ಆಗ ಸುತ್ತಮುತ್ತ ದೈವಗಳ ನೇಮ, ಬಯಲಾಟ, ಮದುವೆ, ಧ್ವನಿವರ್ಧಕ. ಹಾಗಾಗಿ ಡ್ರಮ್ಸ್‌ನಂಥ ಜೋರು ವಾದ್ಯಗಳನ್ನು ಹಗಲಿನಲ್ಲೂ, ಮೆಲುದನಿಯ ಭಾಗಗಳನ್ನು ರಾತ್ರಿ ಹನ್ನೊಂದರ ನಂತರವೂ ಮುದ್ರಿಸುವುದು ಇಲ್ಲಿನ ವಾಡಿಕೆ.

ಹಳೆಯ ಮನೆಗಳ ಇನ್ನೊಂದು ಕಾಟ ವಿದ್ಯುತ್ತಿನದು. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ತಂತಿ; ಗಿಟಾರಿನ ತಂತಿಯ ಕಂಪನದ ಜೊತೆ ಮನೆಯ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದುಕೊಳ್ಳುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಸದ್ದು ಇನ್ನೂ ಜೋರು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಕೈಕೊಡುವುದುಂಟು. ಒಮ್ಮೆ ಒಂದಿಡೀ ಮಧ್ಯಾಹ್ನ ಪೆಡಲ್, ಕೇಬಲ್ ಎಲ್ಲವನ್ನೂ ಬದಲಾಯಿಸಿ ನೋಡಿಯೂ ಗುಂಯ್ ಎನ್ನುವುದು ನಿಲ್ಲಲಿಲ್ಲ. ಕೊನೆಗೆ ಮನೆಯ ಹಿಂದಿನ ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಸುರಿದ ಎಲೆಕ್ಟ್ರಿಷಿಯನ್‌ನಿಂದ ಹಾಡು ಉಳಿಯಿತು. ಆಲ್ಬಂನ ಕೃತಜ್ಞತೆಯ ಪಟ್ಟಿಯಲ್ಲಿ ಅವರ ಹೆಸರು ಬರಲೇಬೇಕೆಂದು ನಾನು ಹಟ ಹಿಡಿದೆ.

ಈ ಪ್ರಕಾರದ ಜೀವವಿರುವುದು ಸದ್ದನ್ನು ತಿರುಚುವ ಪೆಡಲ್‌ಗಳಲ್ಲಿ. ಕಾಲಿನಿಂದ ಒತ್ತುವ ಆ ಪುಟ್ಟ ಪೆಟ್ಟಿಗೆಗಳಲ್ಲಿ ಮೊದಲನೆಯದು ಫಝ್. 1961ರಲ್ಲಿ ಬಂದ ಒಂದು ಹಾಡಿನ ಧ್ವನಿಮುದ್ರಣದ ವೇಳೆ ಅಮೆರಿಕದ ನ್ಯಾಶ್‌ವಿಲ್ಲಿನ ಒಂದು ಸ್ಟುಡಿಯೊದಲ್ಲಿ ಕೆಟ್ಟುಹೋದ ಸಲಕರಣೆಯಿಂದ ಬಾಸ್ ಗಿಟಾರ್ ಗೊಗ್ಗರು ದನಿಯಲ್ಲಿ ಕೇಳಿಸಿತು. ಅದನ್ನು ತೆಗೆದುಹಾಕದೆ ಹಾಗೆಯೇ ಉಳಿಸಿಕೊಂಡರು. ಮರುವರ್ಷ ಆ ದೋಷವನ್ನೇ ಡಬ್ಬಿಯಲ್ಲಿ ತುಂಬಿದಂತೆ ಮ್ಯಾಸ್ಟ್ರೊ ಫಝ್-ಟೋನ್ ಮಾರುಕಟ್ಟೆಗೆ ಬಂತು. ಅದರ ಕೆಲಸ ಸರಳ: ಸದ್ದಿನ ಅಲೆಯನ್ನು ಮಿತಿಮೀರಿ ಹಿಗ್ಗಿಸಿ ಅದರ ಮೇಲಿನ, ಕೆಳಗಿನ ತುದಿಗಳನ್ನು ಕತ್ತರಿಸಿಬಿಡುವುದು. ದುಂಡನೆಯ ಅಲೆ ಚೌಕವಾಗುತ್ತದೆ, ಮೂಲ ಸ್ವರದ ಜೊತೆ ಇಲ್ಲದಿದ್ದ ಉಪಸ್ವರಗಳು ಹುಟ್ಟುತ್ತವೆ. ಮೆಲ್ಲನೆಯ ಸದ್ದನ್ನೂ ಅದು ಎತ್ತಿ ಹಿಡಿಯುವುದರಿಂದ ಮೇಲೆ ಹೇಳಿದ 50 ಹರ್ಟ್ಸ್ ಗೊಣಗಾಟವೂ ಅದರ ಜೊತೆ ಬೊಬ್ಬೆ ಹಾಕುತ್ತದೆ.

ಎರಡನೆಯದು ಡಿಲೇ, ಅಂದರೆ ಪ್ರತಿಧ್ವನಿ. ಇಲ್ಲಿ ಲೆಕ್ಕ ಬೇಕೇ ಬೇಕು. ಹಾಡಿನ ವೇಗ ನಿಮಿಷಕ್ಕೆ 90 ಎಣಿಕೆ ಎಂದಿಟ್ಟುಕೊಳ್ಳಿ. ನಿಮಿಷದ 60,000 ಮಿಲಿಸೆಕೆಂಡನ್ನು 90ರಿಂದ ಭಾಗಿಸಿದರೆ ಒಂದು ಎಣಿಕೆಗೆ ಸುಮಾರು 667 ಮಿಲಿಸೆಕೆಂಡ್. ಪ್ರತಿಧ್ವನಿಯನ್ನು ಅಷ್ಟಕ್ಕೇ ಇಟ್ಟರೆ ಅದು ಮುಂದಿನ ಎಣಿಕೆಯ ಮೇಲೆಯೇ ಬಿದ್ದು ಅಡಗಿಹೋಗುತ್ತದೆ. ಅದರ ಮುಕ್ಕಾಲಿಗೆ, ಅಂದರೆ 500 ಮಿಲಿಸೆಕೆಂಡಿಗೆ ಇಟ್ಟರೆ ಎಣಿಕೆಗಳ ನಡುವಿನ ಖಾಲಿ ಜಾಗದಲ್ಲಿ ಬೀಳುತ್ತದೆ; ಒಬ್ಬ ನುಡಿಸಿದ್ದು ಇಬ್ಬರು ನುಡಿಸಿದಂತೆ ಕೇಳುತ್ತದೆ. 520ಕ್ಕೆ ಇಟ್ಟರೆ? ಕೆಲವು ಸುತ್ತುಗಳಲ್ಲಿ ಪ್ರತಿಧ್ವನಿ ಜಾರುತ್ತ ಹೋಗಿ ಡ್ರಮ್ಸ್ ಬಾರಿಸುವವನಿಗೆ ತಲೆ ಕೆಡುತ್ತದೆ. ಇನ್ನು ಕೋಣೆಯೂ ಒಂದು ಡಿಲೇ ಪೆಡಲೇ. ನಮ್ಮ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಓಡುತ್ತದೆ. ಐದು ಮೀಟರ್ ದೂರದ ಗೋಡೆಗೆ ಬಡಿದು ವಾಪಸ್ ಬರಲು ಅದಕ್ಕೆ 29 ಮಿಲಿಸೆಕೆಂಡ್ ಸಾಕು. ಇಷ್ಟು ಬೇಗ ಮರಳಿದ ಸದ್ದನ್ನು ಕಿವಿ ಪ್ರತಿಧ್ವನಿಯೆಂದು ಬೇರ್ಪಡಿಸಲಾರದು, ಮೂಲ ದನಿಯೇ ದಪ್ಪಗಾದಂತೆ ಗ್ರಹಿಸುತ್ತದೆ. ಹಳೆಯ ಮನೆಗಳ ಚಾವಡಿಯಲ್ಲಿ ಹಾಡಿದರೆ ದನಿಗೆ ಮೈ ಬರುವುದು ಇದರಿಂದಲೇ. ಕಂಪ್ಯೂಟರಿನ ಕೃತಕ ಮಾರ್ದನಿಗಿಂತ ನನಗೆ ಚಾವಡಿಯೇ ಇಷ್ಟ.

ಮೂರನೆಯದು ಫೇಸಿಂಗ್, ಈ ಸಂಗೀತದ ನಿಜವಾದ ಸಹಿ. ವಿಮಾನ ತಲೆಯ ಮೇಲೆ ಹಾದುಹೋದಂತೆ ಸದ್ದು ಸುಯ್ಯೆಂದು ತಿರುಚಿಕೊಳ್ಳುತ್ತದಲ್ಲ, ಅದು. ಒಂದೇ ಸದ್ದಿನ ಎರಡು ಪ್ರತಿಗಳನ್ನು ಒಟ್ಟಿಗೆ ನುಡಿಸಿ, ಒಂದನ್ನು ಕೂದಲೆಳೆಯಷ್ಟು ತಡ ಮಾಡಬೇಕು. ಆ ತಡ ಒಂದು ಮಿಲಿಸೆಕೆಂಡ್ ಎಂದಾದರೆ 500 ಹರ್ಟ್ಸ್‌ನ ಅಲೆಯಲ್ಲಿ ಒಂದು ಪ್ರತಿ ಏರುವಾಗ ಇನ್ನೊಂದು ಇಳಿಯುತ್ತಿರುತ್ತದೆ. ಎರಡೂ ಸೇರಿ ಸೊನ್ನೆ. 1,500, 2,500 ಹರ್ಟ್ಸ್‌ನಲ್ಲೂ ಇದೇ ಕಥೆ. ತಡವನ್ನು ಮೆಲ್ಲನೆ ಹೆಚ್ಚು ಕಡಿಮೆ ಮಾಡುತ್ತ ಹೋದರೆ ಈ ಖಾಲಿ ಜಾಗಗಳು ಸದ್ದಿನ ಉದ್ದಕ್ಕೂ ಮೇಲೆ ಕೆಳಗೆ ಓಡಾಡುತ್ತವೆ. ಅಂದು ಎರಡು ಟೇಪ್ ಯಂತ್ರಗಳನ್ನು ಜೊತೆಗೆ ಓಡಿಸಿ ವೇಗದಲ್ಲಿ ತುಸು ವ್ಯತ್ಯಾಸ ತಂದು ಇದನ್ನು ಸಾಧಿಸುತ್ತಿದ್ದರು. 1966ರಲ್ಲಿ ಇಎಂಐ ಸ್ಟುಡಿಯೊದ ಕೆನ್ ಟೌನ್‌ಸೆಂಡ್ ಗಾಯಕರು ಎರಡೆರಡು ಸಲ ಹಾಡುವ ಶ್ರಮ ತಪ್ಪಿಸಲೆಂದು ಯಂತ್ರದಿಂದಲೇ ದನಿಯನ್ನು ಇಮ್ಮಡಿಗೊಳಿಸುವ ಉಪಾಯ ಕಂಡುಹಿಡಿದದ್ದೂ ಇದೇ ತತ್ವದ ಮೇಲೆ.

ತಮಾಷೆಯೆಂದರೆ ಇದೇ ವಿದ್ಯಮಾನ ನಮ್ಮ ಅರಿವಿಗೆ ಬಾರದೆ ನಡೆದರೆ ಧ್ವನಿಮುದ್ರಣವೇ ಹಾಳು. ಚೆಂಡೆಗೆ ಎರಡು ಮೈಕ್ ಇಡುತ್ತೀರಿ. ಒಂದು ಇನ್ನೊಂದಕ್ಕಿಂತ 35 ಸೆಂಟಿಮೀಟರ್ ದೂರದಲ್ಲಿದೆ. ಶಬ್ದ ಅಷ್ಟು ದೂರ ಸಾಗಲು ಸರಿಯಾಗಿ ಒಂದು ಮಿಲಿಸೆಕೆಂಡ್ ಬೇಕು. ಎರಡು ಮೈಕ್‌ಗಳ ಸದ್ದನ್ನು ಸೇರಿಸಿದಾಗ 500 ಹರ್ಟ್ಸ್ ಸುತ್ತಲಿನ ಶಕ್ತಿಯೆಲ್ಲ ಸೋರಿಹೋಗಿ ಚೆಂಡೆ ಖಾಲಿ ತಗಡಿನ ಡಬ್ಬದಂತಾಗುತ್ತದೆ. ಎದುರು ಕುಳಿತು ಕೇಳಿದಾಗ ಎದೆ ನಡುಗಿಸಿದ ವಾದ್ಯ ರೆಕಾರ್ಡಿಂಗಿನಲ್ಲಿ ಬಡವಾಗಿ ಕೇಳಿದರೆ ಕಲಾವಿದರನ್ನು ದೂರುವ ಮೊದಲು ಅಳತೆಪಟ್ಟಿ ಹಿಡಿದು ಮೈಕಿನ ದೂರ ಅಳೆಯಿರಿ.

ಇನ್ನು ಎಷ್ಟು ಪದರ ಹಾಕಬೇಕು ಎಂಬ ಪ್ರಶ್ನೆ. 1967ರಲ್ಲಿ ಲಂಡನ್ನಿನಲ್ಲಿ ಕೈಗೆ ಸಿಗುತ್ತಿದ್ದದ್ದು ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಯಂತ್ರ. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೆರಡು ಟ್ರ್ಯಾಕಿಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಹಾಗೆ ಇಳಿಸಿದ ಮೇಲೆ ಡ್ರಮ್ಸ್ ಕಡಿಮೆಯಾಯಿತೆಂದು ಹಿಂದಿರುಗುವಂತಿಲ್ಲ, ಇಳಿಸಿದ ಪ್ರತಿ ಸಲವೂ ಟೇಪಿನ ಸುಯ್ಯೆನ್ನುವ ಗದ್ದಲ ಸೇರುತ್ತಿತ್ತು. ಅಲ್ಲಲ್ಲೇ ತೀರ್ಮಾನವಾಗಬೇಕಿತ್ತು. ಇಂದು ಒಂದು ಲ್ಯಾಪ್‌ಟಾಪ್, ಎರಡು ಅಥವಾ ಎಂಟು ಮೈಕ್ ಜೋಡಿಸುವ ಆಡಿಯೊ ಇಂಟರ್‌ಫೇಸ್ ಇದ್ದರೆ ಟ್ರ್ಯಾಕುಗಳಿಗೆ ಲೆಕ್ಕವಿಲ್ಲ. ಆಸ್ಟ್ರೇಲಿಯದ ಕೆವಿನ್ ಪಾರ್ಕರ್ ಟೇಮ್ ಇಂಪಾಲಾ ಹೆಸರಿನಲ್ಲಿ ಬಹುಪಾಲು ವಾದ್ಯಗಳನ್ನು ತಾನೊಬ್ಬನೇ ನುಡಿಸಿ ಪದರ ಪದರವಾಗಿ ಆಲ್ಬಂ ಕಟ್ಟಿದ. ಅವನಿಗೆ ಅದು ಒಲಿಯಿತು. ನಮ್ಮ ಹುಡುಗರಲ್ಲಿ ಮಾತ್ರ ಇದೇ ಸೌಲಭ್ಯ ರೋಗವಾಗುವುದನ್ನು ಕಂಡಿದ್ದೇನೆ: ನಲವತ್ತು ಗಿಟಾರ್ ಟ್ರ್ಯಾಕ್, ಯಾವುದನ್ನೂ ಅಳಿಸುವ ಮನಸ್ಸಿಲ್ಲ, ಆಲ್ಬಂ ಮೂರನೆಯ ಮಳೆಗಾಲ ಕಾಣುತ್ತದೆ. “ಇದು ಮುಗಿಯುವುದು ಯಾವಾಗ ಮಾರಾಯರೇ?” ಎಂದು ಪಕ್ಕದ ಮನೆಯ ಬಾಯಮ್ಮ ಕೇಳಿದರೆ ಉತ್ತರವಿರುವುದಿಲ್ಲ.

ಹಾಡಿನ ಉದ್ದದ ಬಗ್ಗೆಯೂ ಇದೇ ಜಗ್ಗಾಟ. ವೇದಿಕೆಯಲ್ಲಿ ಮನೋಧರ್ಮಕ್ಕೆ ತಕ್ಕಂತೆ ಇಪ್ಪತ್ತು ನಿಮಿಷ ಎಳೆದದ್ದನ್ನು ಆಲ್ಬಂನಲ್ಲಿ ಎಷ್ಟಕ್ಕೆ ನಿಲ್ಲಿಸಬೇಕು? ಎಲ್‌ಪಿ ತಟ್ಟೆಯ ಕಾಲದಲ್ಲಿ ತಟ್ಟೆಯೇ ಉತ್ತರ ಹೇಳುತ್ತಿತ್ತು. ಒಂದು ಮಗ್ಗುಲಿಗೆ ಇಪ್ಪತ್ತೆರಡು ನಿಮಿಷಕ್ಕಿಂತ ಹೆಚ್ಚು ತುಂಬಿದರೆ ಗೆರೆಗಳು ಒತ್ತೊತ್ತಾಗಿ ಸದ್ದು ಕುಗ್ಗುತ್ತದೆ. ಹಾಗಾಗಿ ಎರಡು ಮಗ್ಗುಲು, ನಡುವೆ ತಟ್ಟೆ ತಿರುಗಿಸುವ ವಿರಾಮ, ನಲವತ್ತು ನಿಮಿಷದ ಆಸುಪಾಸಿನ ಆಲ್ಬಂ. ತಟ್ಟೆಯ ಹಂಗಿಲ್ಲದ ಇಂದೂ ಆ ಅಳತೆ ಕೇಳುಗರ ತಾಳ್ಮೆಗೆ ಸರಿಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಮಿಕ್ಸಿಂಗ್ ಎಂದರೆ ಪ್ರತಿ ಟ್ರ್ಯಾಕಿನ ಗಟ್ಟಿತನ, ಎಡ ಬಲದ ಸ್ಥಾನ, ಬಣ್ಣ ನಿರ್ಧರಿಸುವುದು. ಇಲ್ಲೊಂದು ಗುಂಡಿಯಿದೆ, ಸೈಕೆಡೆಲಿಕ್ ತಂಡಗಳು ತಪ್ಪದೆ ಬೀಳುವಂಥದ್ದು. ಹೆಡ್‌ಫೋನಿನಲ್ಲಿ ಸದ್ದು ತಲೆಯ ಸುತ್ತ ಸುತ್ತಬೇಕೆಂದು ಎಡ, ಬಲದ ಅಲೆಗಳನ್ನು ಪರಸ್ಪರ ವಿರುದ್ಧವಾಗಿಸಿ ಹರಡುತ್ತಾರೆ. ಕೇಳಲು ಅದ್ಭುತ. ಆದರೆ ಅದೇ ಹಾಡು ಅಗ್ಗದ ಬ್ಲೂಟೂತ್ ಡಬ್ಬಿಯಲ್ಲೋ ಬಸ್ಸಿನ ಒಂಟಿ ಸ್ಪೀಕರಿನಲ್ಲೋ ಮೊಳಗಿದಾಗ ಎರಡೂ ಒಂದಾಗಿ, ವಿರುದ್ಧ ಅಲೆಗಳು ಒಂದನ್ನೊಂದು ನುಂಗಿ, ಕಷ್ಟಪಟ್ಟು ಮಾಡಿದ ಗಿಟಾರ್ ಮಾಯ. 1967ರಲ್ಲಿ ಬ್ರಿಟನ್ನಿನ ತಂಡಗಳು ಮೋನೊ ಮಿಕ್ಸಿಗೆ ಹೆಚ್ಚು ಹೊತ್ತು ಕೊಟ್ಟು ಸ್ಟೀರಿಯೊವನ್ನು ಆಮೇಲೆ ಬೇಗ ಬೇಗ ಮುಗಿಸುತ್ತಿದ್ದವು, ಏಕೆಂದರೆ ಕೇಳುಗರ ಮನೆಯಲ್ಲಿ ಇದ್ದದ್ದು ಒಂದೇ ಸ್ಪೀಕರ್. ಆ ಪರಿಸ್ಥಿತಿ ನಮ್ಮ ಬಸ್ಸುಗಳಲ್ಲಿ ಇನ್ನೂ ಬದಲಾಗಿಲ್ಲ. ಮಿಕ್ಸ್ ಮುಗಿಯಿತೆನ್ನುವ ಮೊದಲು ಮೋನೊ ಗುಂಡಿ ಒತ್ತಿ ಕೇಳಬೇಕು, ಕಾರಿನಲ್ಲಿ ಹಾಕಿಕೊಂಡು ಪಂಪ್‌ವೆಲ್‌ನಿಂದ ಸುರತ್ಕಲ್‌ವರೆಗೆ ಹೋಗಿ ಬರಬೇಕು.

ಮಾಸ್ಟರಿಂಗ್ ಕೊನೆಯ ಹದ. ಹಾಡುಗಳ ಸದ್ದಿನ ಮಟ್ಟ ಸಮ ಮಾಡುವುದು, ನಡುವಿನ ಮೌನ ನಿರ್ಧರಿಸುವುದು, ಒಂದರೊಳಗೊಂದು ಕರಗುವ ಹಾಡುಗಳ ಹೊಲಿಗೆ ಕಾಣದಂತೆ ನೋಡಿಕೊಳ್ಳುವುದು. ಕೆಲವರು ಹಾಡನ್ನು ಹಿಂಡಿ ಹಿಂಡಿ ಗಟ್ಟಿ ಮಾಡಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಅಂತರ್ಜಾಲದಲ್ಲಿ ಹಾಡು ಕೇಳಿಸುವ ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲ ಹಾಡುಗಳನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಎಂಬ ಒಂದೇ ಮಟ್ಟಕ್ಕೆ ತಂದು ಕೇಳಿಸುತ್ತದೆ. ಗಟ್ಟಿ ಮಾಡಿದ್ದನ್ನು ಅದು ತಗ್ಗಿಸುತ್ತದೆ. ಹಿಂಡುವಾಗ ಕಳೆದುಹೋದ ಏರಿಳಿತ ಮಾತ್ರ ಮರಳಿ ಬರುವುದಿಲ್ಲ.

ಬಿಡುಗಡೆಗೆ ಮುಂಚೆ ಕಾಗದ ಪತ್ರ. ಗೆಳೆಯರ ನಡುವೆ ಇದೆಲ್ಲ ಏಕೆ ಎನ್ನುವವರೇ ಮುಂದೆ ಮಾತು ಬಿಡುವುದು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಬೇರೆ ಬೇರೆ ಸೊತ್ತು. ಸಾಹಿತ್ಯ, ಸಂಗೀತಗಳ ಹಕ್ಕು ರಚಿಸಿದವರ ಜೀವಿತಾವಧಿ ಮತ್ತು ಅದರ ನಂತರದ 60 ವರ್ಷ. ಧ್ವನಿಮುದ್ರಣದ್ದು ಪ್ರಕಟವಾದ ಮೇಲೆ 60 ವರ್ಷ. ಧ್ವನಿಮುದ್ರಣದ ಕರ್ತೃ ಎಂದು ಕಾನೂನು ಗುರುತಿಸುವುದು ಹಾಡಿದವನನ್ನಲ್ಲ, ಅದನ್ನು ಮಾಡಿಸುವ ಮುತುವರ್ಜಿ ಮತ್ತು ಹೊಣೆ ಹೊತ್ತ ನಿರ್ಮಾಪಕನನ್ನು. ದುಬೈಯಲ್ಲಿರುವ ಚಿಕ್ಕಪ್ಪ ಹಣ ಹಾಕಿ ತಾನೇ ಮುಂದೆ ನಿಂತು ಮಾಡಿಸಿದರೆ ಮಾಲೀಕ ಯಾರು? ಬರೆದಿಡುವುದು ಕ್ಷೇಮ. ಅತಿಥಿಯಾಗಿ ಬಂದು ಚೆಂಡೆ ಬಾರಿಸಿದ ಕಲಾವಿದರಿಗೂ 2012ರ ತಿದ್ದುಪಡಿಯ ನಂತರ ಪ್ರದರ್ಶಕರ ಹಕ್ಕು ಗಟ್ಟಿಯಾಗಿದೆ. ಅವರ ಸಂಭಾವನೆ, ಪಾಲು ಎರಡೂ ಆ ಹಾಳೆಯಲ್ಲಿರಲಿ.

ಹಳೆಯ ಕ್ಯಾಸೆಟ್ಟಿನಿಂದ ತುಣುಕು ಎತ್ತುವ ಆಸೆ ಎಲ್ಲರಿಗೂ ಇರುತ್ತದೆ. ತುಳು ಜನಪದ ಹಾಡಾದ ಪಾಡ್ದನ ಯಾರ ಸ್ವತ್ತೂ ಅಲ್ಲದಿರಬಹುದು, ಕ್ಯಾಸೆಟ್ಟಿನಲ್ಲಿರುವ ಧ್ವನಿಮುದ್ರಣಕ್ಕೆ ಒಡೆಯರಿದ್ದಾರೆ, ಅನುಮತಿ ಬೇಕು. ನೇಮದ ಹೊತ್ತಿನ ದೈವದ ನುಡಿಯನ್ನು ಮುದ್ರಿಸಿ ಫಝ್ ಗಿಟಾರಿನ ಕೆಳಗೆ ಹಾಕುವುದಕ್ಕೆ ಮಾತ್ರ ಯಾರ ಅನುಮತಿಯೂ ಸಾಲದು ಎಂದೇ ನಾನು ಹೇಳುತ್ತೇನೆ. ಅದು ಕಾನೂನಿನ ಮಾತಲ್ಲ, ಈ ಊರಿನಲ್ಲಿ ಬದುಕುವವರಿಗೆ ಬೇರೆ ವಿವರಣೆ ಬೇಡ.

ಮುಂದಿನದು ವಿತರಣೆ. ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್ ಮೊದಲಾದವು ತಂಡಗಳಿಂದ ನೇರವಾಗಿ ಹಾಡು ತೆಗೆದುಕೊಳ್ಳುವುದಿಲ್ಲ. ಡಿಸ್ಟ್ರೊಕಿಡ್, ಸಿಡಿ ಬೇಬಿಯಂಥ ವಿತರಕರ ಮೂಲಕ ಹೋಗಬೇಕು. ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಗುರುತು, ಇಡೀ ಆಲ್ಬಂಗೆ ಒಂದು ಬಾರ್‌ಕೋಡ್ ಸಂಖ್ಯೆ, ಚೌಕಾಕಾರದ ಮುಖಪುಟ ಚಿತ್ರ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಆಲ್ಬಂಗಳು ಬರುವುದು ಶುಕ್ರವಾರ. ಸ್ಪಾಟಿಫೈನ ಸಂಪಾದಕರು ತಮ್ಮ ಪಟ್ಟಿಗೆ ಪರಿಶೀಲಿಸಬೇಕೆಂದರೆ ಕನಿಷ್ಠ ಏಳು ದಿನ ಮುಂಚೆ ಕೋರಿಕೆ ಸಲ್ಲಿಸಿರಬೇಕು. ತಿಂಗಳು ಮೊದಲೇ ಹಾಡು ಕಳುಹಿಸಿದರೆ ನೆಮ್ಮದಿ.

ಹಣದ ವಿಷಯದಲ್ಲಿ ಈ ಪ್ರಕಾರಕ್ಕೆ ಆಗುವ ಅನ್ಯಾಯ ಗಮನಿಸಿ. ಸ್ಪಾಟಿಫೈನಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಎರಡು ನಿಮಿಷದ ಹಾಡಿಗೂ ಒಂದೇ, ಹನ್ನೆರಡು ನಿಮಿಷದ್ದಕ್ಕೂ ಒಂದೇ. ಒಂದು ನಿಮಿಷದ ಮೊರೆತದಿಂದ ಮೆಲ್ಲನೆ ಅರಳುವ ಹಾಡನ್ನು ಕೇಳುಗ ಇಪ್ಪತ್ತನೆಯ ಸೆಕೆಂಡಿಗೆ ದಾಟಿಸಿದರೆ ಅದೂ ಇಲ್ಲ. ಮೇಲಾಗಿ 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ರಾಯಧನವೇ ಹುಟ್ಟುವುದಿಲ್ಲ. ಆದ್ದರಿಂದ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ನೇರವಾಗಿ ಮಾರುವುದು ಸಣ್ಣ ತಂಡಗಳಿಗೆ ಲಾಭ. ಡಿಜಿಟಲ್ ಮಾರಾಟದಲ್ಲಿ ಆ ಜಾಲತಾಣ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಶೇಕಡಾ 15. ಆಸ್ಟ್ರೇಲಿಯದ ಕಿಂಗ್ ಗಿಜರ್ಡ್ ತಂಡವಂತೂ 2017ರ ನವೆಂಬರಿನಲ್ಲಿ ‘ಪಾಲಿಗೊಂಡ್ವಾನಾಲ್ಯಾಂಡ್’ ಆಲ್ಬಂ ಅನ್ನು ಉಚಿತವಾಗಿ ಕೊಟ್ಟು, ಯಾರು ಬೇಕಾದರೂ ತಟ್ಟೆ ಅಚ್ಚು ಹಾಕಿಸಿ ಮಾರಿಕೊಳ್ಳಿ ಎಂದಿತು. ಅದೇ ವರ್ಷ ಅವರು ತಂದ ಐದು ಆಲ್ಬಂಗಳಲ್ಲಿ ಅದು ನಾಲ್ಕನೆಯದು. ಮೊದಲೇ ಹೆಸರು ಮಾಡಿದವರಿಗೆ ಇಂಥ ಔದಾರ್ಯ ಸುಲಭ.

ಬಿಡುಗಡೆಯ ಕಾರ್ಯಕ್ರಮಕ್ಕೆ ಇಲ್ಲಿನ ಪಂಚಾಂಗ ನೋಡಲೇಬೇಕು. ನವೆಂಬರಿನಿಂದ ಪತ್ತನಾಜೆಯವರೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದವರೆಗೆ, ಯಕ್ಷಗಾನದ ಆಟ, ನೇಮ, ಬ್ರಹ್ಮಕಲಶ, ಮದುವೆಗಳಿಂದಾಗಿ ಸೌಂಡ್ಸ್‌ನವರು ಕೈಗೆ ಸಿಗುವುದಿಲ್ಲ. ಸಿಕ್ಕರೂ ಬಾಡಿಗೆ ಜೋರು. ಪತ್ತನಾಜೆ ಕಳೆದರೆ ಬಾಡಿಗೆ ಇಳಿಯುತ್ತದೆ, ಆದರೆ ಮಳೆ ಹಿಡಿಯುತ್ತದೆ, ಮಣಿಪಾಲ, ಸುರತ್ಕಲ್‌ನ ವಿದ್ಯಾರ್ಥಿಗಳಲ್ಲಿ ಅನೇಕರು ರಜೆಗೆ ಊರಿಗೆ ಹೋಗಿರುತ್ತಾರೆ. ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ನಲ್ಲಿ, ಚೌತಿಯ ಗದ್ದಲ ತಪ್ಪಿಸಿ, ಮುಚ್ಚಿದ ಸಭಾಂಗಣವೊಂದನ್ನು ಹಿಡಿಯುವುದು ವಾಸಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಆಟಗಳೇ ಕಾಲಮಿತಿಗೆ ಬಂದಿರುವಾಗ ರಾಕ್ ತಂಡಕ್ಕೆ ವಿನಾಯಿತಿ ಯಾರು ಕೊಡುತ್ತಾರೆ? ಸಂಜೆ ಏಳಕ್ಕೆ ಶುರು ಮಾಡಿದರೆ ಆಲ್ಬಂನ ನಲವತ್ತು ನಿಮಿಷವನ್ನು ವೇದಿಕೆಯಲ್ಲಿ ಎರಡು ತಾಸಿನಷ್ಟು ಎಳೆಯಲು ಅವಕಾಶವಿದೆ. ಸ್ಟುಡಿಯೊದಲ್ಲಿ ಪದರ ಹಾಕಿದ ನಲವತ್ತು ಗಿಟಾರ್‌ಗಳನ್ನು ಇಬ್ಬರೇ ನುಡಿಸುವುದು ಹೇಗೆಂದು ಮಾತ್ರ ಟಿಕೆಟ್ ಅಚ್ಚು ಹಾಕಿಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.